ಇಂಜಿನ್ ಸಣ್ಣದು, ಟ್ರಾಲಿ ಎಷ್ಟು ದೊಡ್ಡದಿರಬೇಕು?

“ಇಂಜಿನ್ ಹೆಂಗೂ ಮನ್ಯಾಗ ಐತಿ. ಒಂದು ಹಳೇ ಟ್ರಾಲಿ ತಗೊಂಡ್ರ ಬಾಡಿಗಿ ಉಳೀತೈತಿ.” ಸುಗ್ಗಿ ಹತ್ತಿರ ಬಂತೆಂದರೆ ಬಳಗಾನೂರು, ಮಸ್ಕಿ, ಸಿಂಧನೂರು ಕಡೆಯ ಎಷ್ಟೋ ಮನೆಗಳಲ್ಲಿ ಈ ಮಾತು ಏಳುತ್ತದೆ. ಮಾತು ಕೊನೆಗೆ ಬಂದು ನಿಲ್ಲುವುದು ಮನೆಯೊಡತಿಯ ಮುಂದೆ. ಕೊರಳಿನ ಸರ ಅಡವಿಡಬೇಕು, ಇಲ್ಲವೇ ಸಂಘದಲ್ಲಿ ಸಾಲ ಎತ್ತಬೇಕು. ಹಣ ನಮ್ಮದು ಎಂದಮೇಲೆ ನಾಲ್ಕು ಪ್ರಶ್ನೆ ಕೇಳುವ ಹಕ್ಕೂ ನಮ್ಮದೇ ಅಲ್ಲವೇ?

1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಹರಿಯತೊಡಗಿತು. ಎಡದಂಡೆ ಕಾಲುವೆ ಮುಟ್ಟಿದ ಕಡೆಯೆಲ್ಲ ಜೋಳದ ಹೊಲಗಳು ಒಂದೊಂದಾಗಿ ಭತ್ತದ ಗದ್ದೆಗಳಾದವು. ಜೋಳ ಹೊತ್ತ ಬಂಡಿಯ ಜಾಗಕ್ಕೆ ಟ್ರ್ಯಾಕ್ಟರ್ ಬಂತು. ಎತ್ತಿನ ಕಸುವು ನೋಡಿ ಬಂಡಿಗೆ ಹೇರುತ್ತಿದ್ದ ನಮ್ಮ ಹಿರಿಯರ ಬುದ್ಧಿ ಮಾತ್ರ ಇಂದಿಗೂ ಬೇಕು.

ಒಂದು ಸಣ್ಣ ಲೆಕ್ಕ ಹಾಕೋಣ. ಭತ್ತದ ಚೀಲ 75 ಕಿಲೋ ಎಂದರೆ 40 ಚೀಲಕ್ಕೆ 3,000 ಕಿಲೋ, ಅಂದರೆ ಮೂರು ಟನ್. ಇದರ ಮೇಲೆ ಖಾಲಿ ಟ್ರಾಲಿಯ ತೂಕ ಬೇರೆ. ಅದೆಷ್ಟು ಎಂಬುದು ಟ್ರಾಲಿಯ ಆರ್.ಸಿ. ಪುಸ್ತಕದಲ್ಲೇ ಇರುತ್ತದೆ. ಅನುಮಾನವಿದ್ದರೆ ಕಾಟಾದಲ್ಲಿ ತೂಗಿಸಿರಿ. ಎರಡನ್ನೂ ಕೂಡಿಸಿ, ನಿಮ್ಮ ಟ್ರ್ಯಾಕ್ಟರಿನ ಕಂಪನಿ ಪುಸ್ತಕದಲ್ಲಿ ಎಷ್ಟು ತೂಕ ಎಳೆಯಬಹುದೆಂದು ಬರೆದಿದೆಯೋ ಅದರೊಂದಿಗೆ ಹೋಲಿಸಿರಿ.

ಮಾರುವವನು “35 ಹೆಚ್.ಪಿ. ಇಂಜಿನ್ ಐತಲ್ಲಕ್ಕ, ಆರಾಮ ಎಳೀತೈತಿ” ಎನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ಸಣ್ಣ ಗೇರಿನಲ್ಲಿ ಸಣ್ಣ ಇಂಜಿನ್ನೂ ದೊಡ್ಡ ಭಾರ ಎಳೆದೀತು. ಆದರೆ ನೀವು ಯಜಮಾನರಿಗೆ ಕೇಳಬೇಕಾದದ್ದು ಬೇರೆ: “ಎಳಿಯೋದು ಇರ್ಲಿ, ನಿಲ್ಲಸ್ತೈತೇನ್ರಿ?” ಎಷ್ಟೋ ಹಳೇ ಟ್ರಾಲಿಗಳಿಗೆ ಕೆಲಸ ಮಾಡುವ ಬ್ರೇಕೇ ಇರುವುದಿಲ್ಲ. ಇಡೀ ಭಾರವನ್ನು ಮುಂದಿನ ಇಂಜಿನ್ನೇ ತಡೆಯಬೇಕು. ಕಾಲುವೆ ಸೇತುವೆಯ ಇಳಿಜಾರಿನಲ್ಲಿ ಹಿಂದಿನ ಟ್ರಾಲಿ ಮುಂದಿನ ಇಂಜಿನ್ನನ್ನು ನೂಕಿ ಅಡ್ಡ ತಿರುಗಿಸಿಬಿಡುತ್ತದೆ. ಆಮೇಲೆ ತಪ್ಪೆಲ್ಲ ಡ್ರೈವರನದೇ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದಹಾಗೆ.

ಎರಡು ಗಾಲಿಯ ಟ್ರಾಲಿಯಾದರೆ ಇನ್ನೊಂದು ಎಚ್ಚರಿಕೆ. ಅದರ ಭಾರದ ಒಂದು ಪಾಲು ಇಂಜಿನ್ನಿನ ಹಿಂಬದಿಯ ಕೊಂಡಿಯ ಮೇಲೆ ಕೂರುತ್ತದೆ. ಮುಂದುಗಡೆ ಹೆಚ್ಚು ಹೇರಿ ಏರು ಹತ್ತಿದರೆ ಇಂಜಿನ್ನಿನ ಮೂತಿಯೇ ಮೇಲೇಳಬಹುದು. ನಾಲ್ಕು ಗಾಲಿಯದರಲ್ಲಿ ಈ ಕಾಟ ಕಡಿಮೆ, ಆದರೆ ಹಿಂದಕ್ಕೆ ತೆಗೆದುಕೊಳ್ಳುವುದು ಕಷ್ಟ.

ನೋಡಲು ಹೋದಾಗ

ಮಡಕೆ ಕೊಳ್ಳುವಾಗ ಬೆರಳಿನಿಂದ ಬಡಿದು ನೋಡುವವರು ನಾವು. ಟ್ರಾಲಿಯ ತಳವನ್ನೂ ಹಾಗೆಯೇ ಬಡಿಸಿ ನೋಡಿರಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂದವಾಗಿ ಸದ್ದು ಮಾಡುತ್ತದೆ. ಗೊಬ್ಬರ ಹೊತ್ತ ಟ್ರಾಲಿಗೆ ತುಕ್ಕು ಬೇಗ. ಹೊಸ ಬಣ್ಣ ಕಂಡು ಮರುಳಾಗಬೇಡಿರಿ, ಬಣ್ಣದ ಕೆಳಗೆ ಬೆಸುಗೆಯ ಬಿರುಕು ಅಡಗಿರಬಹುದು.

- ಕೊಂಡಿಯ ಬಳೆ ಸವೆದು ತೆಳುವಾಗಿದೆಯೇ? ಅದರ ಪಿನ್ನಿಗೆ ಕಳಚದಂತೆ ತಡೆಯುವ ಕ್ಲಿಪ್ ಇದೆಯೇ?
- ಜಾಕ್ ಕೊಟ್ಟು ಗಾಲಿ ಎತ್ತಿಸಿ, ಅಲ್ಲಾಡಿಸಿ ನೋಡಿರಿ. ಲಟಪಟ ಎಂದರೆ ಬೇರಿಂಗ್ ಖರ್ಚು ಕಾದಿದೆ.
- ಟೈರಿನ ಪಕ್ಕದ ಬಿರುಕು, ಪಟ್ಟಿ ಮುರಿದ ಸ್ಪ್ರಿಂಗು, ಎಣ್ಣೆ ಸೋರುವ ಎತ್ತುವ ಜಾಕು, ಇವಕ್ಕೆಲ್ಲ ಬೆಲೆಯಲ್ಲಿ ಇಳಿಸಿ ಕೇಳಿರಿ.
- ಹಿಂದೆ ಕೆಂಪು ದೀಪ, ಹೊಳೆಯುವ ಪಟ್ಟಿ ಇರಲೇಬೇಕು. ಕತ್ತಲಲ್ಲಿ ನಿಂತ ಟ್ರಾಲಿಗೆ ಬೈಕಿನವರು ಗುದ್ದಿ ಸಾಯುವುದುಂಟು.

ಕಾಗದ ಪತ್ರ

ಟ್ರಾಲಿಗೂ ಅದರದೇ ನಂಬರು, ಅದರದೇ ಆರ್.ಸಿ. ಇರುತ್ತದೆ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಬ್ಯಾಂಕಿನ ಸಾಲವಿದ್ದದ್ದಾದರೆ ತೀರಿದ ಪತ್ರ ಮತ್ತು ಫಾರಂ 35. ರಾಯಚೂರಿನ ಕೆಎ-36 ನಂಬರಲ್ಲದೆ ಆಂಧ್ರ, ತೆಲಂಗಾಣದಿಂದ ಬಂದದ್ದಾದರೆ ಅಲ್ಲಿನ ಆರ್.ಟಿ.ಓ. ಕೊಟ್ಟ ಎನ್.ಓ.ಸಿ. ಕೇಳಿರಿ. “ಆಮ್ಯಾಲ ಕೊಡ್ತೀನಿ” ಎಂದರೆ ಹಣವೂ ಆಮೇಲೆಯೇ! ವಿಮೆಯಲ್ಲಿ ಟ್ರಾಲಿಯನ್ನೂ ಸೇರಿಸಲು ಮರೆಯದಿರಿ.

ಕೊಂಡ ಮೇಲೆ

ರಸ್ತೆಗಿಳಿಯುವ ಮೊದಲು ಟ್ರ್ಯಾಕ್ಟರಿನ ಎಡ-ಬಲ ಬ್ರೇಕ್ ಪೆಡಲುಗಳನ್ನು ಚಿಲಕ ಹಾಕಿ ಜೋಡಿಸಬೇಕು. ಇಲ್ಲದಿದ್ದರೆ ಒಂದೇ ಗಾಲಿ ಹಿಡಿದು ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಲೇಬಾರದು, ಸಣ್ಣ ಗೇರಿನಲ್ಲೇ ಇಳಿಯಬೇಕು.

ಇನ್ನೊಂದು ಮಾತು. ಟ್ರಾಲಿ ಇರುವುದು ಸರಕಿಗೆ. ನಾಟಿಯ ಕಾಲದಲ್ಲಿ ಅದರಲ್ಲೇ ಹೆಣ್ಣಾಳುಗಳನ್ನು, ಕಂಕುಳ ಕೂಸುಗಳನ್ನೂ ತುಂಬಿಕೊಂಡು ಹೋಗುತ್ತಾರೆ. ಇದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ. ಮಗುಚಿದರೆ ಹಿಡಿದುಕೊಳ್ಳಲು ಏನೂ ಇಲ್ಲ, ವಿಮೆಯ ಹಣವೂ ಸುಲಭವಾಗಿ ಕೈಗೆ ಬರುವುದಿಲ್ಲ. ಆಳುಗಳನ್ನು ಕರೆತರಲು ಆಟೋ ಬಾಡಿಗೆ ಎಷ್ಟಾದೀತು ಎಂಬುದನ್ನೂ ಖರ್ಚಿನ ಪಟ್ಟಿಯಲ್ಲಿ ಮೊದಲೇ ಬರೆದಿಡಿರಿ. ದೊಡ್ಡ ಟ್ರಾಲಿಯಲ್ಲಿ ಒಂದು ಸಲಕ್ಕೆ ಒಯ್ಯುವುದನ್ನು ಸಣ್ಣ ಟ್ರಾಲಿಯಲ್ಲಿ ಎರಡು ಸಲ ಒಯ್ದರೆ ಒಂದಿಷ್ಟು ಡೀಸೆಲ್ ಹೆಚ್ಚಾದೀತು, ಅಷ್ಟೇ. ಗದ್ದೆಗೆ ಹೋದವರು ಸಂಜೆಗೆ ಕ್ಷೇಮವಾಗಿ ಮನೆ ಸೇರುತ್ತಾರೆ.