ಬಣ್ಣದ ಬೆನ್ನಿಗಿರುವ ಮಣ್ಣು

ಅಜಂತಾದ ಮೊದಲನೇ ಗುಹೆಯಲ್ಲಿ ಬೋಧಿಸತ್ವ ಪದ್ಮಪಾಣಿಯ ಚಿತ್ರದ ಮುಂದೆ ನಿಂತವರಿಗೆ ಗೋಡೆ ಕಾಣುವುದಿಲ್ಲ. ಆದರೆ ಚಿತ್ರಕ್ಕೆ ಕುತ್ತು ಬರುವುದು ಹೆಚ್ಚಾಗಿ ಬೆನ್ನ ಕಡೆಯಿಂದಲೇ. ಒರಟು ಬಸಾಲ್ಟ್ ಬಂಡೆಗೆ ಮಣ್ಣಿನ ಗಿಲಾವು ಮೆತ್ತಿ, ಅದರ ಮೇಲೆ ನಯವಾದ ಇನ್ನೊಂದು ಪದರ ಕೊಟ್ಟು, ತೆಳುವಾಗಿ ಸುಣ್ಣ ಬಳಿದು, ಒಣಗಿದ ಮೇಲೆ ಅಂಟು ಬೆರೆಸಿದ ಬಣ್ಣದಲ್ಲಿ ಬರೆದ ಚಿತ್ರಗಳಿವು. ಗಿಲಾವು ಬಂಡೆಯಿಂದ ಬಿಟ್ಟುಕೊಂಡರೆ ಬೋಧಿಸತ್ವನೂ ಅದರೊಂದಿಗೇ ಉದುರುತ್ತಾನೆ.

1920ರ ದಶಕದ ಆರಂಭದಲ್ಲಿ ಹೈದರಾಬಾದಿನ ನಿಜಾಮರು ಇಟಲಿಯ ಪರಿಣತರನ್ನು ಇಲ್ಲಿಗೆ ಕರೆಸಿದ್ದರು. ಸಡಿಲವಾಗಿದ್ದ ಗಿಲಾವನ್ನು ಅವರು ಬಿಗಿ ಮಾಡಿದ್ದು ನಿಜವಾದ ಉಪಕಾರ. ಮೇಲೆ ಬಳಿದ ಅರಗಿನ ಲೇಪ ಮಾತ್ರ ಕ್ರಮೇಣ ಹಳದಿಗಟ್ಟಿತು. ಅದನ್ನು ಬಿಡಿಸುವುದೇ ಮುಂದಿನವರಿಗೆ ಕೆಲಸವಾಯಿತು.

ಈಗ ಮದ್ದಿಗೆ ಮೊದಲು ಪರೀಕ್ಷೆ. ಚಿತ್ರವಿಲ್ಲದ ಕಡೆ ಉದುರಿದ ಚೂರೊಂದು ಸಾಕು. ಸೂಕ್ಷ್ಮದರ್ಶಕದಡಿ ಭತ್ತದ ಹೊಟ್ಟು, ನಾರು ಕಾಣುತ್ತವೆ. ಜರಡಿ ಹಿಡಿದರೆ ಮರಳೆಷ್ಟು, ಜೇಡಿ ಎಷ್ಟೆಂದು ತಿಳಿಯುತ್ತದೆ. ಎಕ್ಸ್-ರೇ ಹಾಯಿಸಿದರೆ ಜೇಡಿಯ ಜಾತಿಯೂ ಗೊತ್ತಾಗುತ್ತದೆ. ಈ ಜಾತಿಯೇ ಮುಖ್ಯ: ಬಸಾಲ್ಟ್ ಕರಗಿ ಆಗುವ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಇರುತ್ತದೆ. ಅದು ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ನಮ್ಮ ಎರೆಹೊಲದ ಬಿರುಕು ಕಂಡವರಿಗೆ ಬೇರೆ ವಿವರಣೆ ಬೇಡ. ಹೊಟ್ಟು, ನಾರು ಸೇರಿಸಿದ್ದು ಆ ಬಿರುಕು ತಡೆಯಲಿಕ್ಕೆ. ಇದನ್ನು ಅರಿಯದೆ ಸಿಮೆಂಟ್ ಮೆತ್ತಿದರೆ ಮೆದು ಗಿಲಾವಿನ ಪಕ್ಕ ಗಡಸು ತೇಪೆ ನಿಲ್ಲುತ್ತದೆ, ಅದರ ಲವಣ ಚಿತ್ರದೊಳಕ್ಕೆ ಇಳಿಯುತ್ತದೆ.

ಸೋಜಿಗದ ಫಲಿತಾಂಶ ಬಂದದ್ದು ಎಲ್ಲೋರಾದಿಂದ, ಅಂದರೆ ನಮ್ಮ ರಾಷ್ಟ್ರಕೂಟ ಕೃಷ್ಣನ ಕೈಲಾಸ ಇರುವಲ್ಲಿಂದ. ಅಲ್ಲಿನ ಗುಹೆಗಳ ಗಿಲಾವಿನ ನಾರನ್ನು ಪುರಾತತ್ವ ರಸಾಯನ ತಜ್ಞ ರಾಜದೇವ್ ಸಿಂಗ್ ಮತ್ತು ಸಸ್ಯವಿಜ್ಞಾನಿ ಎಂ. ಎಂ. ಸರ್ದೇಸಾಯಿ ಪರೀಕ್ಷಿಸಿದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದನ್ನು ತಾಜಾ ಗಿಡಗಳ ನಾರಿನೊಂದಿಗೆ ಹೋಲಿಸಿದಾಗ ಸಿಕ್ಕಿದ್ದು ಭಂಗಿ ಗಿಡ! 2016ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಅಜಂತಾದ ಗಿಲಾವನ್ನು ಹುಳುಗಳು ಸಾಕಷ್ಟು ತಿಂದಿವೆ, ಎಲ್ಲೋರಾದಲ್ಲಿ ಅಷ್ಟಿಲ್ಲ. ಹುಳುಗಳನ್ನು ದೂರವಿಟ್ಟದ್ದು ಈ ನಾರೇ ಎಂಬುದು ಅವರ ವಾದ. ನನಗಂತೂ ಇದು ಒಪ್ಪುವಂತೆಯೇ ತೋರುತ್ತದೆ.

ಹಳೆಯ ಹದದಲ್ಲೇ ದುರಸ್ತಿ ಮಾಡೋಣವೆಂದರೆ ಒಂದು ತೊಡಕಿದೆ. 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಈ ಗಿಡ ಬೆಳೆಯಲು ಸರ್ಕಾರದ ಪರವಾನಗಿ ಬೇಕು.