ಕೂಸಿಗೊಂದು ಬೆಚ್ಚನೆಯ ಸ್ವೆಟರ್

ಪುಷ್ಯ ಮಾಸ ಕಾಲಿಟ್ಟಿತೆಂದರೆ ನಮ್ಮ ಕವಲಂದೆಯ ಮುಂಜಾನೆಗಳು ಇಬ್ಬನಿಯಲ್ಲಿ ನೆನೆಯುತ್ತವೆ. ಸುತ್ತೂರು ಜಾತ್ರೆಯೂ ಆ ಮಾಸದ ಬಹುಳದಲ್ಲೇ ಆರಂಭವಾಗುವುದರಿಂದ, ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ನಸುಕಿನಲ್ಲೇ ಹೊರಡುವ ತಾಯಂದಿರು ಅನೇಕರು. ಹೆಣಿಗೆಯ ಕಡ್ಡಿಯನ್ನು ಒಮ್ಮೆಯೂ ಹಿಡಿಯದ ಅಂತಹ ಸೋದರಿಯರಿಗಾಗಿ ಈ ಬರಹ.

ನಾನು ಮೊದಲು ಹೆಣೆದದ್ದು ತಲೆಯ ಮೂಲಕ ತೊಡಿಸುವ ಸ್ವೆಟರನ್ನು. ಕೊರಳು ಬಿಗಿಯಾಗಿ ಮಗು ಚೀರಿಕೊಂಡಿತು. "ಮುಂದುಗಡೆ ಬಿಟ್ಟು ಗುಂಡಿ ಇಡು ಕಣವ್ವ, ಮಲಗಿರೋ ಕೂಸಿಗೂ ತೊಡಿಸ್ಬೋದು" ಎಂದರು ನಮ್ಮತ್ತೆಯವರು. ಆಗಲೇ ಅವರ ಕಣ್ಣಿಗೆ ಪೊರೆ ಬಂದಿತ್ತು. ದೃಷ್ಟಿ ಮಂಕಾಗುವ ಮುನ್ನ ಮೊಮ್ಮಗುವಿಗೆ ತಮ್ಮ ಕೈಯಿಂದ ಏನನ್ನಾದರೂ ಮಾಡಿಕೊಡಬೇಕೆಂಬ ಹಂಬಲ ಅವರದು. ಸೀದಾ ಹೆಣಿಗೆಯೊಂದನ್ನೇ ಕಲಿಸಿದೆ. ಸಾಲುಗಳ ಉಬ್ಬು ಬೆರಳಿಗೆ ತಿಳಿಯುವುದರಿಂದ ಕಣ್ಣಿನ ನೆರವು ಅಷ್ಟಾಗಿ ಬೇಕಿಲ್ಲ.

ದಾರದ ವಿಷಯದಲ್ಲಿ ಒಂದು ಎಚ್ಚರಿಕೆ. ಚಳಿಯಲ್ಲಿ ಬೆಂಕಿ ಕಾಯಿಸುವಾಗ ಮಕ್ಕಳೂ ಬಳಿ ಕೂರುತ್ತವೆ. ಅಕ್ರಿಲಿಕ್ ದಾರ ಅಗ್ಗ, ಒಗೆಯಲೂ ಸುಲಭ. ಆದರೆ ಕಿಡಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಉಣ್ಣೆ ಬೇಗ ಹೊತ್ತಿಕೊಳ್ಳುವುದಿಲ್ಲ. ಎರಡು ಕಾಸು ಹೆಚ್ಚಾದರೂ ಉಣ್ಣೆಯನ್ನೇ ಕೊಳ್ಳಿರೆಂದು ನನ್ನ ಸಲಹೆ. ಮೈಗೆ ಚುಚ್ಚದಂತೆ ಒಳಗೆ ಹತ್ತಿಯ ಅಂಗಿ ಇರಲಿ. 1927ರಲ್ಲಿ ಗಾಂಧೀಜಿ ಭೇಟಿಯಿತ್ತ ಬದನವಾಳಿನ ಖಾದಿ ಕೇಂದ್ರದ ನೆರೆಯವರಾದ ನಮಗೆ ಹತ್ತಿಯ ಗುಣವನ್ನು ಹೊಸದಾಗಿ ಹೇಳಬೇಕಿಲ್ಲ.

ಎರಡು ವರ್ಷದ ಮಗುವಿಗೆ ಮಧ್ಯಮ ದಪ್ಪದ 200 ಗ್ರಾಂ ದಾರ, 4 ಮಿ.ಮೀ. ದಪ್ಪದ ಒಂದು ಜೊತೆ ಕಡ್ಡಿ, ಐದು ಗುಂಡಿ ಸಾಕು. ಮೊದಲು ಒಂದು ತುಂಡು ಹೆಣೆದು ಅಳೆಯಿರಿ: 10 ಸೆಂ.ಮೀ. ಅಗಲಕ್ಕೆ 20 ಕುಣಿಕೆ, ಅಷ್ಟೇ ಎತ್ತರಕ್ಕೆ 40 ಸಾಲು ಬರಬೇಕು. ಬೆನ್ನಿಗೆ 60 ಕುಣಿಕೆ ಏರಿಸಿ 33 ಸೆಂ.ಮೀ. ಹೆಣೆದು ಮುಚ್ಚಿ. ಮುಂಭಾಗದ ಪ್ರತಿ ತುಂಡಿಗೆ 33 ಕುಣಿಕೆ. 28 ಸೆಂ.ಮೀ. ಆದೊಡನೆ ಕೊರಳಂಚಿನಲ್ಲಿ 9 ಕುಣಿಕೆ ಮುಚ್ಚಿ, ಬಳಿಕ ಸಾಲು ಬಿಟ್ಟು ಸಾಲಿಗೆ ಒಂದೊಂದರಂತೆ ಆರನ್ನು ಕಡಿಮೆ ಮಾಡಿ, ಉಳಿದ 18ನ್ನು 33 ಸೆಂ.ಮೀ.ವರೆಗೆ ಹೆಣೆಯಿರಿ. ಈ ಹೆಣಿಗೆಗೆ ಒಳಮೈ ಹೊರಮೈ ಭೇದವಿಲ್ಲ; ಒಂದೇ ಬಗೆಯ ಎರಡು ತುಂಡು ಹೆಣೆದು ಒಂದನ್ನು ತಿರುವಿಟ್ಟರಾಯಿತು. ಕಾಜಾ ಮಾತ್ರ ಒಂದೇ ತುಂಡಿಗೆ: ಕೆಳಗಿನಿಂದ 2 ಸೆಂ.ಮೀ.ಗೆ ಮೊದಲನೆಯದು, ಆಮೇಲೆ 6 ಸೆಂ.ಮೀ.ಗೊಂದು. ಅಂಚಿನ ಎರಡು ಕುಣಿಕೆ ಹೆಣೆದು, ದಾರವನ್ನು ಕಡ್ಡಿಯ ಮೇಲೊಮ್ಮೆ ಸುತ್ತಿ, ಮುಂದಿನ ಎರಡನ್ನು ಕೂಡಿಸಿ ಹೆಣೆದರೆ ಕಾಜಾ ಸಿದ್ಧ.

ತೋಳಿಗೆ 34 ಕುಣಿಕೆ. ಪ್ರತಿ ಹತ್ತನೆಯ ಸಾಲಿನಲ್ಲಿ ಎರಡೂ ಅಂಚಿಗೆ ಒಂದೊಂದು ಹೆಚ್ಚಿಸುತ್ತ 50 ಆಗಲಿ. ಉದ್ದ 22 ಸೆಂ.ಮೀ. ಭುಜಗಳನ್ನು ಹೊಲಿದು, ತೋಳಿನ ನಡುವನ್ನು ಭುಜದ ಹೊಲಿಗೆಗೆ ಸರಿಯಾಗಿ ಕೂರಿಸಿ ಹೊಲಿದ ಮೇಲೆ ಪಕ್ಕಗಳನ್ನು ಕೂಡಿಸಿ.

ಒಗೆಯಲು ತಣ್ಣೀರು, ಉಜ್ಜಬೇಡಿ, ಹಿಂಡಬೇಡಿ, ನೆರಳಲ್ಲಿ ಹರವಿ ಒಣಗಿಸಿ. ಒಮ್ಮೆ ಹಂಡೆಯ ಬಿಸಿನೀರಿಗೆ ಹಾಕಿದ ನನ್ನ ಉಣ್ಣೆಯ ಟೊಪ್ಪಿಗೆಯೊಂದು ಗೊಂಬೆಗೆ ಹಿಡಿಸುವಷ್ಟಾಯಿತು!

ಅತ್ತೆಯವರು ಹೆಣೆದ ಎಡತೋಳು ನಾಲ್ಕು ಸಾಲು ಉದ್ದವಾಗಿತ್ತು. ನಾನು ಬಿಚ್ಚಲಿಲ್ಲ, ತುದಿಯನ್ನು ಮಡಚಿ ತೊಡಿಸಿದೆ. ಆ ಸ್ವೆಟರು ಈಗಲೂ ನಮ್ಮ ಮನೆಯ ಪೆಟ್ಟಿಗೆಯಲ್ಲಿ ಬೇವಿನ ಸೊಪ್ಪಿನ ನಡುವೆ ಇದೆ.