ಕೆಲಸದ ಅರ್ಜಿಯಲ್ಲಿ ಮದುವೆ, ಜಾತಿ, ಆಧಾರ್ ವಿವರ ಕೇಳಬಹುದೇ? ಕಾನೂನು ಹೇಳುವುದೇನು?

ನಾಸಿಕ್‌ನ ಸಾತ್ಪುರ, ಅಂಬಡ್. ಛತ್ರಪತಿ ಸಂಭಾಜಿನಗರದ (ಹಿಂದಿನ ಔರಂಗಾಬಾದ್) ವಾಳೂಜ್, ಶೇಂದ್ರಾ. ಮಹಾರಾಷ್ಟ್ರದ ಈ ಕೈಗಾರಿಕಾ ಪ್ರದೇಶಗಳಲ್ಲಿ ಕೆಲಸ ಹುಡುಕುವವರು ಮೊದಲು ತುಂಬುವುದು ಅರ್ಜಿ ಫಾರಂ. ಹೆಸರು, ವಿದ್ಯಾರ್ಹತೆ, ಅನುಭವದ ವಿವರ ಸರಿ. ಆದರೆ ಮದುವೆಯಾಗಿದೆಯೇ, ಮಕ್ಕಳೆಷ್ಟು, ಜಾತಿ ಯಾವುದು ಎಂಬ ಕಾಲಂಗಳೂ ಇದ್ದರೆ? ಕೆಲಸ ಸಿಗುವ ಮೊದಲೇ ಆಧಾರ್ ಜೆರಾಕ್ಸ್ ಕೊಡಿ ಎಂದರೆ? ನಾಸಿಕ್ ಇರಲಿ, ನಮ್ಮ ಪೀಣ್ಯ ಇರಲಿ, ಪ್ರಶ್ನೆ ಒಂದೇ.

ಸುಪ್ರೀಂ ಕೋರ್ಟ್ ಹೇಳಿದ್ದೇನು?

ಈ ಕುರಿತ ಪ್ರಮುಖ ತೀರ್ಪು 1991ರದ್ದು. ನೀರಾ ಮಾಥುರ್ ಎಂಬುವರು 1989ರಲ್ಲಿ ಎಲ್‌ಐಸಿಯಲ್ಲಿ ಸಹಾಯಕಿಯಾಗಿ ಸೇರಿದ್ದರು. ಹೆರಿಗೆ ರಜೆ ಪಡೆದ ಬಳಿಕ, ಪ್ರೊಬೇಷನ್ ಅವಧಿಯಲ್ಲೇ ಅವರನ್ನು ಕೆಲಸದಿಂದ ತೆಗೆಯಲಾಯಿತು. ಸೇರುವಾಗ ನೀಡಿದ ಘೋಷಣಾ ಪತ್ರದಲ್ಲಿ ತಪ್ಪು ಮಾಹಿತಿ ಕೊಟ್ಟಿದ್ದಾರೆ ಎಂಬುದು ಸಂಸ್ಥೆಯ ವಾದ. ಆ ಪತ್ರದಲ್ಲಿ ಕೇಳಿದ್ದೇನು ಗೊತ್ತೇ? ಮುಟ್ಟು ಸರಿಯಾಗಿ ಆಗುತ್ತದೆಯೇ, ಕೊನೆಯ ಬಾರಿ ಆಗಿದ್ದು ಯಾವಾಗ, ಎಷ್ಟು ಬಾರಿ ಗರ್ಭ ಧರಿಸಿದ್ದೀರಿ, ಗರ್ಭಪಾತ ಆಗಿದೆಯೇ!

ಇಂಥ ಪ್ರಶ್ನೆಗಳು ಮುಜುಗರ ತರುವಂಥವು ಎಂದ ಕೋರ್ಟ್, ಆಕೆಯನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳಲು ಆದೇಶಿಸಿತು. ಆ ಕಾಲಂಗಳನ್ನೇ ತೆಗೆದುಹಾಕಲು ಸೂಚಿಸಿತು.

ಮುಂದೆ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಘೋಷಿಸಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಖಾಸಗಿ ಕಂಪನಿಗಳಿಗೆ ಯಾವ ನಿಯಮ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಖಾಸಗಿ ಕಂಪನಿಗಳಿಗೂ ಅನ್ವಯ. ಒಪ್ಪಿಗೆ ಪಡೆದು ಮಾಹಿತಿ ಸಂಗ್ರಹಿಸುವುದಾದರೆ, ಉದ್ದೇಶಕ್ಕೆ ಬೇಕಾದಷ್ಟನ್ನೇ ಪಡೆಯಬೇಕು. ಮಾಹಿತಿಗೆ ಸೂಕ್ತ ಭದ್ರತೆ ಒದಗಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಪ್ರಮುಖ ಕಟ್ಟುಪಾಡುಗಳ ಜಾರಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ.

ಆದರೆ ಇಲ್ಲೂ ಎರಡು ಸಂದುಗಳಿವೆ. ಉದ್ಯೋಗದ ಉದ್ದೇಶಕ್ಕಾದರೆ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಲು ಕಾಯ್ದೆಯಲ್ಲಿ ಅವಕಾಶವಿದೆ. ಇದು ಇನ್ನೂ ಕೆಲಸಕ್ಕೆ ಸೇರದ ಅಭ್ಯರ್ಥಿಗೂ ಅನ್ವಯಿಸುತ್ತದೆಯೇ ಎಂಬುದನ್ನು ಕಾಯ್ದೆ ಬಿಡಿಸಿ ಹೇಳಿಲ್ಲ. ಎರಡನೆಯದಾಗಿ, ಕಂಪ್ಯೂಟರ್‌ಗೆ ಏರಿಸದೆ ಕಾಗದದಲ್ಲೇ ಉಳಿಯುವ ಫಾರಂ ಇದರ ವ್ಯಾಪ್ತಿಗೆ ಬರುವುದಿಲ್ಲ. ಗುತ್ತಿಗೆದಾರರ ಬಳಿ ಕೈಬರಹದ ಅರ್ಜಿ ಕೊಡುವ ಕಾರ್ಮಿಕರಿಗೆ ಇದು ದೊಡ್ಡ ಕೊರತೆ.

ಎಚ್‌ಐವಿ ವಿಚಾರದಲ್ಲಿ ಮಾತ್ರ ಕಾನೂನು ಖಚಿತ. ಕೆಲಸ ನೀಡಲು ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿ ವಿಧಿಸುವಂತಿಲ್ಲ ಎನ್ನುತ್ತದೆ 2017ರ ಕಾಯ್ದೆ.

ಕಂಪನಿಗಳ ವಾದವೇನು?

ಎಲ್ಲ ಪ್ರಶ್ನೆಯೂ ತಪ್ಪಲ್ಲ. ಬಾಲಕಾರ್ಮಿಕರನ್ನು ಸೇರಿಸಿಕೊಳ್ಳದಿರಲು ವಯಸ್ಸಿನ ದಾಖಲೆ ಬೇಕು. ಚಾಲಕನ ಬಳಿ ಲೈಸೆನ್ಸ್ ಕೇಳಲೇಬೇಕು. ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಬೇಕಾದರೆ ಜಾತಿ ಪ್ರಮಾಣಪತ್ರ ಕೊಡಬೇಕು. ಪಿಎಫ್‌ಗೆ ಆಧಾರ್, ಸಂಬಳಕ್ಕೆ ಬ್ಯಾಂಕ್ ಖಾತೆ ವಿವರ ಅಗತ್ಯ. ಆದರೆ ಇವು ಬೇಕಾಗುವುದು ಆಯ್ಕೆಯಾದ ಮೇಲೆ. ಹತ್ತು ಹುದ್ದೆಗೆ ಐನೂರು ಮಂದಿ ಅರ್ಜಿ ಹಾಕಿದರೆ, ಕೆಲಸ ಸಿಗದ 490 ಮಂದಿಯ ಆಧಾರ್ ಪ್ರತಿ ಕಂಪನಿಗೆ ಯಾಕೆ?

ಅರ್ಜಿದಾರರು ಏನು ಮಾಡಬಹುದು?

* ಈ ಮಾಹಿತಿ ಯಾಕೆ ಬೇಕು, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಎಂದು ವಿನಯದಿಂದಲೇ ಕೇಳಿ.
* ಗುರುತಿನ ದಾಖಲೆ ಕೇಳಿದರೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಯುಐಡಿಎಐ ವೆಬ್‌ಸೈಟ್‌ನಲ್ಲಿ ಇದು ಸಿಗುತ್ತದೆ.
* ಜೆರಾಕ್ಸ್ ಮೇಲೆ ಕಂಪನಿಯ ಹೆಸರು, ಉದ್ದೇಶ, ದಿನಾಂಕ ಬರೆದು ಸಹಿ ಮಾಡಿ.
* ಸುಳ್ಳು ಮಾಹಿತಿ ಬೇಡ. ಅದೇ ಮುಂದೆ ಕೆಲಸಕ್ಕೆ ಕುತ್ತಾಗಬಹುದು.

ಕೆಲಸ ಬೇಕಾದವರಿಗೆ 'ಹೇಳುವುದಿಲ್ಲ' ಎನ್ನುವ ಧೈರ್ಯ ಸುಲಭವಾಗಿ ಬರುವುದಿಲ್ಲ. ಹಾಗಾಗಿ ಅನಗತ್ಯ ಕಾಲಂಗಳನ್ನು ಅಳಿಸುವ ಹೊಣೆ ಫಾರಂ ಮುದ್ರಿಸುವವರದ್ದೇ.